ಸಹನೆ ಮತ್ತು ಪರಿಹಾರದ ಹಕ್ಕು

ಸಿಂದಗಿ ತಾಲ್ಲೂಕಿನ ಸಹೋದರರೊಬ್ಬರು ಒಂದು ಪ್ರಶ್ನೆಯೊಂದಿಗೆ ನಮ್ಮ ಮದ್ರಸಕ್ಕೆ ಬಂದಿದ್ದರು. ಜ್ವರಕ್ಕೆಂದು ತಾಯಿಯನ್ನು ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ರಾತ್ರಿ ತರಬೇತಿಯಿಲ್ಲದ ಹುಡುಗನೊಬ್ಬ ಕೊಟ್ಟ ಇಂಜೆಕ್ಷನ್ನಿನಿಂದ ಕೈ ಕಪ್ಪಾಗಿ, ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ರೊಟ್ಟಿ ಬಡಿಯುತ್ತಿದ್ದ ಕೈ ಅದು. "ತಕ್ದೀರದಾಗ ಇದ್ದದ್ದು ಆತು, ಸಬರ್ ಮಾಡ್ರಿ" ಎಂದರು ಮನೆಯ ಹಿರಿಯರು. "ಗಾಜು ಒಡದು ಬರೋಣ" ಎಂದರು ಓಣಿಯ ಹುಡುಗರು. "ಮೌಲಾನಾ, ಪರಿಹಾರ ಕೇಳೂದು ಸಬರಿಗೆ ವಿರುದ್ಧ ಆಗ್ತದೇನ್ರಿ?" ಎಂಬುದು ಅವರ ಪ್ರಶ್ನೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎಷ್ಟೋ ಮನೆಗಳಲ್ಲೂ ಇದೇ ಪ್ರಶ್ನೆ ಏಳಬಹುದು.

ಆಗುವುದೆಲ್ಲ ಅಲ್ಲಾಹನ ವಿಧಿಯಂತೆ ಆಗುತ್ತದೆಂಬುದು ನಮ್ಮ ವಿಶ್ವಾಸ. ಆದರೆ ಆ ವಿಶ್ವಾಸವು ತಪ್ಪು ಮಾಡಿದವನ ಹೊಣೆಯನ್ನು ಇಳಿಸುವುದಿಲ್ಲ. ಪ್ರಮಾದದಿಂದ ವಿಶ್ವಾಸಿಯೊಬ್ಬನನ್ನು ಕೊಂದವನೂ ಮೃತನ ಮನೆಯವರಿಗೆ ದಿಯತ್, ಅಂದರೆ ಪರಿಹಾರಧನ ಕೊಡಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೇ ಸೂಕ್ತ ವಿಧಿಸಿದೆ. ಮಕ್ಕಾ ವಿಜಯದ ಬಳಿಕ ಬನೂ ಜದೀಮಾ ಗೋತ್ರದ ಕೆಲವರು ಅನ್ಯಾಯವಾಗಿ ಹತರಾದಾಗ, ಪ್ರವಾದಿವರ್ಯರು(ಸ) ಹ. ಅಲೀ(ರ)ಯವರನ್ನು ಹಣದೊಂದಿಗೆ ಕಳುಹಿಸಿದರು. ನಾಯಿ ನೀರು ಕುಡಿಯುವ ಬಟ್ಟಲಿಗೂ ಬೆಲೆ ಕಟ್ಟಿ ಕೊಡಲಾಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಪರಿಹಾರ ಪಡೆಯುವುದು ಸಹನೆಗೇಡಿತನವಾಗಿದ್ದರೆ ಪ್ರವಾದಿವರ್ಯರೇ(ಸ) ಅದನ್ನು ಕಳುಹಿಸುತ್ತಿದ್ದರೇ?

ವೈದ್ಯವಿದ್ಯೆ ಅರಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಬಾಧ್ಯನೆಂಬ ಹದೀಸನ್ನು ಅಬೂದಾವೂದ್, ನಸಾಈ, ಇಬ್ನು ಮಾಜಃ ಉದ್ಧರಿಸಿದ್ದಾರೆ. ಹಾಗೆಯೇ, ಬಲ್ಲ ವೈದ್ಯನು ಅನುಮತಿ ಪಡೆದು ಕ್ರಮಬದ್ಧವಾಗಿ ಚಿಕಿತ್ಸೆ ಮಾಡಿಯೂ ಗುಣವಾಗದಿದ್ದರೆ ಅವನು ಹೊಣೆಯಲ್ಲವೆಂದು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಗುಣವಾಗದ್ದೆಲ್ಲ ನಿರ್ಲಕ್ಷ್ಯವಲ್ಲ.

ದೇಶದ ಕಾನೂನೂ ಈ ದಾರಿಯನ್ನು ತೆರೆದಿದೆ. ಹಣ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ಕಾಯ್ದೆಗೆ ಒಳಪಡುತ್ತದೆಂದು ಸುಪ್ರೀಮ್ ಕೋರ್ಟು 1995ರಲ್ಲಿ ತೀರ್ಪಿತ್ತಿತು. ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೊಟ್ಟ ಇಂಜೆಕ್ಷನ್ನಿನಿಂದ ಮಗುವಿನ ಮೆದುಳಿಗೆ ಹಾನಿಯಾದಾಗ, ಮಗುವಿಗೆ 12.5 ಲಕ್ಷ ಮತ್ತು ಹೆತ್ತವರಿಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು 1998ರಲ್ಲಿ ಅದೇ ಕೋರ್ಟು ಎತ್ತಿಹಿಡಿಯಿತು. ಈಗಿರುವ 2019ರ ಕಾಯ್ದೆಯಂತೆ ನಮ್ಮವರು ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನರ್ಸಿಂಗ್ ಹೋಮು ಸೊಲ್ಲಾಪುರದಲ್ಲಿದ್ದರೂ ಸರಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲುತ್ತದೆ. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅವಧಿ 2 ವರ್ಷ. ಚಿಕಿತ್ಸೆಯ ದಾಖಲೆಗಳನ್ನು ಬರಹದಲ್ಲಿ ಕೇಳಿರಿ. 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರಿಗೆ ನಿಯಮವಿದೆ. ಬಿಲ್ಲು, ಔಷಧಿ ಚೀಟಿಗಳನ್ನು ಜೋಪಾನವಾಗಿಡಿ. ಬೇರೆ ತಜ್ಞ ವೈದ್ಯರ ಲಿಖಿತ ಅಭಿಪ್ರಾಯ ಪಡೆಯಿರಿ.

ಆದರೆ ಹಕ್ಕು ಕೇಳುವವನಿಗೂ ಮಿತಿಯುಂಟು. ಖರ್ಚನ್ನು ಹೆಚ್ಚಿಸಿ ಬರೆಯುವುದು, ಕಾಣದ್ದನ್ನು ಕಂಡೆನೆಂದು ಸಾಕ್ಷಿ ನುಡಿಯುವುದು ಹರಾಮ್. ಮಾತಿನ ಜಾಣ್ಮೆಯಿಂದ ಇನ್ನೊಬ್ಬರ ಹಕ್ಕನ್ನು ತೀರ್ಪಿನಲ್ಲಿ ಪಡೆದವನು ಬೆಂಕಿಯ ತುಂಡನ್ನೇ ಪಡೆದಂತೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಇನ್ನು, ಗಾಜು ಒಡೆಯುವುದು ಒಂದು ಅನ್ಯಾಯಕ್ಕೆ ಇನ್ನೊಂದನ್ನು ಸೇರಿಸಿದಂತೆ. ಒಳಗೆ ಮಲಗಿರುವವರೂ ಯಾರದೋ ತಾಯಂದಿರು.

ಕ್ಷಮಿಸುವವನ ಪ್ರತಿಫಲ ಅಲ್ಲಾಹನ ಬಳಿಯಿದೆ (ಅಶ್ಶೂರಾ: 40). ಆದರೆ ಕ್ಷಮಿಸುವ ಹಕ್ಕು ನೊಂದವರದು, ನೋಡುವವರದಲ್ಲ. "ತಾಯಿಯವರನ್ನು ಕೇಳಿದಿರಾ?" ಎಂದೆ. ಆ ಸಹೋದರರು ತಲೆ ತಗ್ಗಿಸಿದರು. ಮುಂದಿನ ಜುಮಾ ಬಳಿಕ ಬಂದು ತಾಯಿಯ ಮಾತು ತಿಳಿಸಿದರು: "ಆ ಹುಡುಗಗ ಮಾಫ್ ಮಾಡೀನಿ. ಆದ್ರ ಕಲೀದವರ ಕೈಯಾಗ ಸೂಜಿ ಕೊಡೂದು ನಿಂದರಬೇಕು. ನೀ ಅರ್ಜಿ ಹಾಕು."

ಸಹನೆಯೂ ನ್ಯಾಯವೂ ಆ ಮಾತಿನಲ್ಲಿವೆ. ಅಲ್ಲಾಹನು ನಮಗೆ ಎರಡನ್ನೂ ದಯಪಾಲಿಸಲಿ. ಆಮೀನ್.