ಟೆರೇಸಿನ ಬಸಳೆ ಮತ್ತು ನಿಮ್ಮ ಹೃದಯ



ದಹಿಸರ್‌ನ ನಮ್ಮವರು ಬಿಪಿ ತೋರಿಸಲು ಬಂದಾಗ ಒಂದು ಮಾತು ಹೇಳುತ್ತಾರೆ: "ಊರಲ್ಲಾದರೆ ಹಿತ್ತಲಲ್ಲಿ ಬಸಳೆ ಚಪ್ಪರ ಇತ್ತು ಡಾಕ್ಟ್ರೇ, ಇಲ್ಲಿ ಜಾಗ ಎಲ್ಲಿ?" ಜಾಗ ನಿಮ್ಮ ಕಟ್ಟಡದ ಮೇಲೆಯೇ ಇದೆ. ಆದರೆ ಒಬ್ಬರೇ ಹೋಗಿ ಕೇಳಿದರೆ ಸೊಸೈಟಿಯವರು "ಲೀಕೇಜ್ ಆಗುತ್ತದೆ" ಎಂದು ವಾಪಸ್ ಕಳಿಸುತ್ತಾರೆ. ನಾಲ್ಕು ಮನೆಯವರು ಸೇರಿ ಅರ್ಜಿ ಕೊಡಿ, ಅದರಲ್ಲಿ ಮರಾಠಿ, ಗುಜರಾತಿ ನೆರೆಯವರೂ ಇರಲಿ.

ಮುಂಬಯಿಗೆ ಇದು ಹೊಸದಲ್ಲ. ಮುಂಬಯಿ ಪೋರ್ಟ್ ಟ್ರಸ್ಟ್‌ನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಪ್ರೀತಿ ಪಾಟೀಲ್, ಅಲ್ಲಿನ ಕಸವನ್ನೇ ಗೊಬ್ಬರ ಮಾಡಿ ಟೆರೇಸಿನಲ್ಲಿ ತರಕಾರಿ, ಹಣ್ಣು ಬೆಳೆಸಿದರು. ಅವರ 'ಅರ್ಬನ್ ಲೀವ್ಸ್' ಬಳಗದಲ್ಲಿ ಜನ ಒಟ್ಟಿಗೆ ಕೆಲಸ ಮಾಡುತ್ತಲೇ ಕಲಿತರು. ಅವರಿಗೂ ಮೊದಲು ಡಾ. ಆರ್. ಟಿ. ದೋಶಿ ಕಬ್ಬಿನ ಸಿಪ್ಪೆ ತುಂಬಿದ ಚೀಲಗಳಲ್ಲಿ ಬೆಳೆದು ತೋರಿಸಿದ್ದರು.

ಈ ಸಿಪ್ಪೆ ಮುಖ್ಯ. ಒದ್ದೆ ಮಣ್ಣು ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗಿಂತ ಹೆಚ್ಚು ತೂಗಬಹುದು, ಹಳೆಯ ಸ್ಲ್ಯಾಬಿಗೆ ಅದು ಒಳ್ಳೆಯದಲ್ಲ. ಕಬ್ಬಿನ ರಸದ ಅಂಗಡಿಯವರನ್ನು ಕೇಳಿ ಸಿಪ್ಪೆ ತನ್ನಿ. ಅದನ್ನು ಒಣಗಿಸಿ, ತರಗೆಲೆ, ಗೊಬ್ಬರ, ಸ್ವಲ್ಪ ಮಣ್ಣು ಬೆರೆಸಿದರೆ ಚೀಲ ಹಗುರ. ಬಸಳೆಗೆ ಬೀಜವೂ ಬೇಡ. ಮಾರುಕಟ್ಟೆಯಲ್ಲಿ 'ಮಾಯಾಳು' ಎಂದು ಕೇಳಿ, ಬಲಿತ ಕಡ್ಡಿಯನ್ನು ಮಳೆಗಾಲದಲ್ಲಿ ನೆಟ್ಟರೆ ಸಾಕು.

ಹೃದಯಕ್ಕೇನು ಲಾಭ? ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಅಷ್ಟು ಆಗುವುದಿಲ್ಲ. ಇನ್ನೊಂದು ಲಾಭ ತಟ್ಟೆಯಲ್ಲಿ ಕಾಣದು. 2016ರಲ್ಲಿ 'ಹಾರ್ಟ್' ಪತ್ರಿಕೆಯಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಒಂಟಿತನ ಮತ್ತು ಸಂಪರ್ಕವಿಲ್ಲದ ಬದುಕಿನಲ್ಲಿ ಹೃದ್ರೋಗದ ಅಪಾಯ ಸುಮಾರು 29% ಹೆಚ್ಚು. ಮಗ-ಸೊಸೆ ಲೋಕಲ್ ಹಿಡಿದು ಹೋದ ಮೇಲೆ ರಾತ್ರಿಯವರೆಗೆ ಟಿವಿ ಮುಂದೆ ಕೂರುವ ಅಮ್ಮನನ್ನು ನೆನೆಯಿರಿ. ಹರಿವೆಗೆ ನೀರು ಹಾಕುವ ನೆಪದಲ್ಲಿ ಅವರು ಪಕ್ಕದ ಮನೆಯ ಆಜಿಯೊಡನೆ ಮಾತಾಡುತ್ತಾರೆ. ಭಾಷೆ ಹೇಗೋ ಹೊಂದುತ್ತದೆ!

ಇನ್ನು ದಯವಿಟ್ಟು ಗಮನವಿಟ್ಟು ಓದಿ. ಕೃತಕ ವಾಲ್ವ್ ಹಾಕಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ಒಮ್ಮೆಲೇ ದಿನವೂ ಬಸಳೆ, ಪಾಲಕ್, ಹರಿವೆ ತಿನ್ನಲು ಶುರು ಮಾಡಬೇಡಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ, ಐಎನ್‌ಆರ್ ಇಳಿಯುತ್ತದೆ, ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸೊಪ್ಪು ಬಿಡಬೇಕಾಗಿಲ್ಲ. ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ. ಹೆಚ್ಚಿಸುವುದಾದರೆ ಮೊದಲು ವೈದ್ಯರಿಗೆ ತಿಳಿಸಿ, ಐಎನ್‌ಆರ್ ಪರೀಕ್ಷೆ ಮಾಡಿಸಿ. ಟೆರೇಸಿನಲ್ಲಿ ಬೆಳೆ ಹುಲುಸಾಗಿ ಬಂದಾಗ ನೆರೆಯವರು ಪ್ರೀತಿಯಿಂದ ಚೀಲ ತುಂಬಿ ಕೊಡುತ್ತಾರೆ, ಬೇಡ ಎನ್ನಲಾಗದೆ ಎಲ್ಲವನ್ನೂ ನಾವೇ ತಿನ್ನುತ್ತೇವೆ. ಎಡವಟ್ಟಾಗುವುದು ಅಲ್ಲೇ. ಕಿಡ್ನಿ ತೊಂದರೆ ಇರುವವರೂ ಪೊಟ್ಯಾಶಿಯಂ ಬಗ್ಗೆ ಕೇಳಿಕೊಳ್ಳಿ.

ಬೈಪಾಸ್ ಆದವರು ಮೊದಲ ಮೂರು ತಿಂಗಳು ಕುಂಡ, ನೀರಿನ ಬಕೆಟ್ ಎತ್ತಬಾರದು. ಎತ್ತುವ ಕೆಲಸ ಕಾಲೇಜು ಹುಡುಗರಿಗಿರಲಿ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ, ಡೆಂಗಿ ಸೊಳ್ಳೆ ಹುಟ್ಟುವುದು ಅಲ್ಲೇ.

ಮುಂದಿನ ಭಜನೆಗೋ ಪೂಜೆಗೋ ಸೇರಿದಾಗ ಬಸಳೆ ಬಳ್ಳಿ ಇರುವವರು ಎರಡು ಕಡ್ಡಿ ಹೆಚ್ಚು ತನ್ನಿ.