ಹೈಟೆನ್ಷನ್ ಲೈನಿಗೆ ಆಕ್ಷೇಪಣೆ: ಗೆಲುವಿನ ಆರು ಸೂತ್ರಗಳು

ಜೆಸಿಬಿ ತೋಟಕ್ಕೆ ಬಂದ ದಿನ ಅಡ್ಡ ನಿಲ್ಲುವುದಕ್ಕೆ ಧೈರ್ಯ ಬೇಕು, ನಿಜ. ಆದರೆ ಯೋಜನೆ ಬದಲಾಗುವುದು ಅದಕ್ಕೂ ಬಹಳ ಮೊದಲು, ಕಾಗದದ ಮೇಲೆ.

1. ಅಹವಾಲು ಸಭೆಗೆ ಕಾಯಬೇಡಿ. 2006ರ ಪರಿಸರ ಪರಿಣಾಮ ಮೌಲ್ಯಮಾಪನ (ಇಐಎ) ಅಧಿಸೂಚನೆಯ ಪಟ್ಟಿಯಲ್ಲಿ ಪ್ರಸರಣ ಮಾರ್ಗಗಳೇ ಇಲ್ಲ. ಹಾಗಾಗಿ ಪರಿಸರದ ಹೆಸರಿನಲ್ಲಿ ನಿಮ್ಮೂರಿಗೆ ಬಂದು ಯಾರೂ ಅಭಿಪ್ರಾಯ ಕೇಳಬೇಕಾಗಿಲ್ಲ. ಇದು ಅನ್ಯಾಯ, ಆದರೆ ಇವತ್ತಿನ ನಿಯಮ.

2. 30 ದಿನ ಕೈಜಾರದಿರಲಿ. ಕಂಪನಿಯೊಂದು ಪ್ರಸರಣ ಪರವಾನಗಿಗೆ ಅರ್ಜಿ ಹಾಕಿದರೆ ಏಳು ದಿನದೊಳಗೆ ಪ್ರಕಟಣೆ ಕೊಡಬೇಕು. ಆ ಪ್ರಕಟಣೆಯಿಂದ 30 ದಿನದೊಳಗೆ ತಲುಪಿದ ಆಕ್ಷೇಪಣೆಗಳನ್ನು ಪರಿಶೀಲಿಸದೆ ವಿದ್ಯುತ್ ನಿಯಂತ್ರಣ ಆಯೋಗ ಪರವಾನಗಿ ಕೊಡುವಂತಿಲ್ಲ. ಇದು 2003ರ ವಿದ್ಯುತ್ ಕಾಯ್ದೆಯ 15ನೇ ಕಲಂ. ಮಾರ್ಗ ಅಂತರರಾಜ್ಯ ಪ್ರಸರಣ ವ್ಯವಸ್ಥೆಗೆ ಸೇರಿದ್ದಾದರೆ ಅರ್ಜಿ ದೆಹಲಿಯ ಕೇಂದ್ರ ಆಯೋಗಕ್ಕೆ, ಇಲ್ಲವಾದರೆ ಬೆಂಗಳೂರಿನ ರಾಜ್ಯ ಆಯೋಗವಾದ ಕೆಇಆರ್‌ಸಿಗೆ.

3. 'ನಮ್ಮ ವಿರೋಧವಿದೆ' ಎಂದಷ್ಟೇ ಬರೆದರೆ ಸಾಲದು. ಸರ್ವೆ ನಂಬರ್, ಪಹಣಿ ಪ್ರತಿ, ಗೂಟ ನೆಟ್ಟ ಜಾಗದ ಫೋಟೊ, ಮನೆಗೂ ಕೊಳವೆಬಾವಿಗೂ ಇರುವ ದೂರ ಎಲ್ಲವೂ ಅರ್ಜಿಯಲ್ಲಿರಲಿ. 400 ಕೆ.ವಿ. ಮಾರ್ಗಕ್ಕೆ ಸಾಮಾನ್ಯವಾಗಿ 46 ಮೀಟರ್ ಅಗಲದ ಪಟ್ಟಿ ಬೇಕು. ಟೇಪು ಹಿಡಿದು ತೋಟಕ್ಕಿಳಿದು ಅಳೆಯಿರಿ. ಆ ಪಟ್ಟಿಯೊಳಗೆ ಬೀಳುವ ಅಡಿಕೆ, ತೆಂಗು, ಮಾವನ್ನು ಒಂದೊಂದಾಗಿ ಎಣಿಸಿ, ವಯಸ್ಸಿನೊಂದಿಗೆ ಬರೆಯಿರಿ. ಎಣಿಸಿದ ಮರವನ್ನು ಕಡತದಿಂದ ಅಳಿಸುವುದು ಕಷ್ಟ.

4. ಬೇರೆ ದಾರಿ ತೋರಿಸಿ. ಧಾರವಾಡದ ಬಳಿಯ ನರೇಂದ್ರದಿಂದ ಗೋವಾದ ಶೆಲ್ಡೆಮ್‌ಗೆ ಯೋಜಿಸಿದ್ದ 400 ಕೆ.ವಿ. ಮಾರ್ಗ ಮೊಲೆಮ್ ಅಭಯಾರಣ್ಯವನ್ನು ಸೀಳಿಕೊಂಡು ಹೋಗಬೇಕಿತ್ತು. ಗೋವಾದ ಜನ 'ಆಮ್ಚೆಂ ಮೊಲೆಮ್' (ನಮ್ಮ ಮೊಲೆಮ್) ಎಂದು ಎದ್ದರು. ಪರಿಸರ ಸಂಘಟನೆ ಗೋವಾ ಫೌಂಡೇಶನ್ ಸುಪ್ರೀಂ ಕೋರ್ಟ್‌ನ ಕೇಂದ್ರ ಉನ್ನತಾಧಿಕಾರ ಸಮಿತಿಯ ಮೊರೆ ಹೋಯಿತು. ಹೊಸದಾಗಿ ಕಾಡು ಕಡಿಯುವ ಬದಲು ಈಗಾಗಲೇ ಇರುವ 220 ಕೆ.ವಿ. ಮಾರ್ಗದ ಪಟ್ಟಿಯನ್ನೇ ಬಳಸಿ ಎಂದು 2021ರ ಏಪ್ರಿಲ್‌ನಲ್ಲಿ ಸಮಿತಿ ಹೇಳಿತು. ಮರುವರ್ಷ ಕೋರ್ಟ್ ಅದನ್ನು ಒಪ್ಪಿತು. ಗೋವಾಕ್ಕೆ ವಿದ್ಯುತ್ ಬೇಡವೆಂದು ಕೋರ್ಟ್ ಹೇಳಲಿಲ್ಲ. ಕಾಡಿಗೆ ಕಡಿಮೆ ಪೆಟ್ಟು ಬೀಳುವ ದಾರಿ ಹಿಡಿಯಿರಿ ಎಂದಿತು. ನಿಮ್ಮ ಅರ್ಜಿಗೂ ಅಂಥದೊಂದು ನಕ್ಷೆ ಲಗತ್ತಾಗಲಿ.

5. ಟಪಾಲು ವಿಭಾಗದ ಮುದ್ರೆ ಬೀಳದ ಅರ್ಜಿ ಕೊಟ್ಟೂ ಕೊಡದಂತೆ. ಸ್ವೀಕೃತಿ ಪಡೆಯಿರಿ, ಗ್ರಾಮಸಭೆಯ ಠರಾವು ಜೊತೆಗಿಡಿ.

6. ಪರಿಹಾರ ಕೇಳಿದರೆ ಯೋಜನೆಗೆ ಒಪ್ಪಿದಂತಾದೀತು ಎಂದು ಅನೇಕರು ಹೆದರುತ್ತಾರೆ. 'ನಮ್ಮ ಆಕ್ಷೇಪಣೆಗೆ ಬಾಧಕವಿಲ್ಲದಂತೆ' ಎಂದು ಬರೆದೇ ಕೇಳಿ. ಟವರ್ ನಿಂತರೂ ಜಮೀನಿನ ಒಡೆತನ ನಿಮ್ಮದೇ. ಮೊತ್ತ ಸಾಲದಿದ್ದರೆ, ಪ್ರಸರಣ ಮಾರ್ಗಗಳಿಗೂ ಅನ್ವಯಿಸುವ 1885ರ ಟೆಲಿಗ್ರಾಫ್ ಕಾಯ್ದೆಯ 16ನೇ ಕಲಂನಡಿ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಕೆಲಸ ತಡೆದಾಗ ಕಂಪನಿ ಅದೇ ಕಲಂ ಹಿಡಿದು ಜಿಲ್ಲಾಧಿಕಾರಿಯಿಂದ ಆದೇಶ ತರಲು ಹೊರಡುತ್ತದೆ. ಅಲ್ಲಿ ವಿಚಾರಣೆಗೆ ಕರೆದರೆ ಬಾಯಿಮಾತಿನಲ್ಲಿ ಮುಗಿಸಬೇಡಿ. ಲಿಖಿತ ಉತ್ತರ ಸಲ್ಲಿಸಿ, ಆದೇಶದ ದೃಢೀಕೃತ ಪ್ರತಿ ಕೇಳಿ ಪಡೆಯಿರಿ. ಹೈಕೋರ್ಟ್‌ನಲ್ಲಿ ವಕೀಲರು ಮೊದಲು ಕೇಳುವುದು ಅದನ್ನೇ.