ಕರಾರಿಗಿಂತ ಪಟ್ಟಿ ಮೇಲು

ಮದುವೆಗೆ ಮುಂಚೆಯೇ ಆಸ್ತಿ, ಜೀವನಾಂಶಗಳ ಬಗ್ಗೆ ಕರಾರು ಬರೆದುಕೊಳ್ಳಬೇಕೇ ಎಂದು ಇಬ್ಬರೂ ದುಡಿಯುವ ಜೋಡಿಗಳು ಈಗ ಸಂಕೋಚವಿಲ್ಲದೆ ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿ ಇಲ್ಲೇ ಬಾಳುವವರು ಅದಕ್ಕಾಗಿ ವಕೀಲರಿಗೆ ಫೀಸು ಕೊಡುವುದು ದಂಡ ಎಂದೇ ನನ್ನ ಎಣಿಕೆ. ಇಂಥ ಕರಾರು ಬೇರೆ ದೇಶಗಳಲ್ಲಿ ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ: ಅವರವರ ಆಸ್ತಿಯನ್ನು ಬೇರೆಯಾಗಿ ಇಡುತ್ತದೆ, ಜೀವನಾಂಶಕ್ಕೆ ಮಿತಿ ಹಾಕುತ್ತದೆ. ಮೊದಲನೆಯದು ನಮಗೆ ಬೇಕಿಲ್ಲ. ತಾಳಿ ಕಟ್ಟಿದ ಮಾತ್ರಕ್ಕೆ ಒಬ್ಬರ ಆಸ್ತಿ ನಮ್ಮಲ್ಲಿ ಇನ್ನೊಬ್ಬರದಾಗುವುದಿಲ್ಲ. ಎರಡನೆಯದು ನಡೆಯುವುದಿಲ್ಲ. ಕರ್ನಾಟಕದಿಂದ ಸುಪ್ರೀಂ ಕೋರ್ಟ್‌ಗೆ ಹೋಗಿ 2013ರಲ್ಲಿ ತೀರ್ಮಾನವಾದ ಪ್ರಕರಣವೊಂದರಲ್ಲಿ, 8,000 ರೂಪಾಯಿ ಪಡೆದು ಮುಂದೆ ಏನೂ ಕೇಳುವುದಿಲ್ಲವೆಂದು ರಾಜಿಯಾಗಿದ್ದ ಹೆಂಡತಿಯ ಜೀವನಾಂಶದ ಹಕ್ಕು ಹಾಗೆಯೇ ಉಳಿಯಿತು. ಕೋರ್ಟಿನಲ್ಲೇ ಆದ ರಾಜಿಯ ಪಾಡು ಇದಾದರೆ, ನಿಶ್ಚಿತಾರ್ಥಕ್ಕೆ ಮುಂಚೆ ಛಾಪಾ ಕಾಗದದಲ್ಲಿ ಬರೆದುಕೊಂಡದ್ದರ ಬೆಲೆ ಎಷ್ಟು?

ಹಾಗಾದರೆ ಸುಮ್ಮನಿರಬಹುದೇ? ಖಂಡಿತ ಇಲ್ಲ. ಹಣ ಕೈತಪ್ಪುವುದು ದಾಖಲೆ ಇಲ್ಲದ ಕಡೆ. ಕ್ರಯಪತ್ರದಲ್ಲಿ ಗಂಡನ ಹೆಸರೊಂದೇ ಇರುತ್ತದೆ. ಅರ್ಧ ಕಂತು ಹೆಂಡತಿಯ ಖಾತೆಯಿಂದ ಹೋಗುತ್ತದೆ. ಬ್ಯಾಂಕಿನ ಸಾಲಪತ್ರದಲ್ಲಿ ಆಕೆ ಸಹಸಾಲಗಾರ್ತಿ, ಅಂದರೆ ಇಡೀ ಸಾಲಕ್ಕೆ ಹೊಣೆ, ಮನೆಗೆ ಮಾತ್ರ ಒಡತಿಯಲ್ಲ. ಮುಂದೆ ಜಗಳ ಬಂದರೆ ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಹುಡುಕಿ ಸಾಬೀತು ಮಾಡುವ ಹೊರೆ ಆಕೆಯ ತಲೆಗೇ. ನೋಂದಣಿಯ ದಿನ ಎರಡು ಹೆಸರು ಬರೆಸಿ, ಪಾಲು ಎಷ್ಟೆಷ್ಟು ಎಂದು ನಮೂದಿಸಿದ್ದರೆ ಮುಗಿಯುತ್ತಿತ್ತು. ಒಡವೆಯ ಕಥೆಯೂ ಅಷ್ಟೆ. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅವಲಕ್ಕಿ ಸರ ಎಷ್ಟು ಗ್ರಾಂ, ಕೊಟ್ಟವರು ಯಾರು, ಯಾರ ಲಾಕರಿನಲ್ಲಿದೆ ಎಂಬುದಕ್ಕೆ ಕಾಗದವಿಲ್ಲದಿದ್ದರೆ ಹಕ್ಕು ಬಾಯಿಮಾತಾಗಿ ಉಳಿಯುತ್ತದೆ. ತಮಾಷೆಯೆಂದರೆ, ಈ ಕಾಗದವನ್ನು ಕಾನೂನೇ ಕೇಳುತ್ತದೆ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು, ವರನಿಗೆ ಬಂದವುಗಳ ಪಟ್ಟಿಯನ್ನು ವರ ಇಡಬೇಕು. ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು ಬರೆದು ಇಬ್ಬರೂ ಸಹಿ ಹಾಕಬೇಕು.

ಸಂಬಂಧ ಕೂಡುವ ಮುಂಚೆಯೇ ಲೆಕ್ಕವೇ ಎಂದು ಹಿರಿಯರು ಮುಖ ಸಿಂಡರಿಸುತ್ತಾರೆ. ಛತ್ರದ ಬಾಗಿಲಲ್ಲಿ ಕುಳಿತು ಮುಯ್ಯಿ ಪುಸ್ತಕದಲ್ಲಿ ನೂರು ರೂಪಾಯಿಯನ್ನೂ ಬಿಡದೆ ಬರೆಯುವ ನಾವು ಲೆಕ್ಕಕ್ಕೆ ಹೇಸುವವರಲ್ಲ. ‘ನಮ್ಮ ಹತ್ತಿರ ಆಸ್ತಿಯೇ ಇಲ್ಲವಲ್ಲ’ ಎನ್ನುವವರದು ಇನ್ನೊಂದು ಆಕ್ಷೇಪ. ಸಾಲವಿದೆಯಲ್ಲ! ಓದಿನ ಸಾಲ, ಮದುವೆಗೆಂದೇ ಮಾಡಿದ ಸಾಲ, ಸ್ನೇಹಿತನಿಗೆ ಹಾಕಿದ ಜಾಮೀನು ಎಲ್ಲವೂ ಬರುವ ಸಂಗಾತಿಗೆ ತಿಳಿಯಬೇಕು. ಜೀವನಾಂಶದ ದಾವೆಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ, ವರಮಾನಗಳನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಒಡೆದ ಮೇಲೆ ಕೋರ್ಟಿಗೆ ಕೊಡುವ ಆ ವಿವರವನ್ನು ಕೂಡುವ ಮುಂಚೆ ಒಬ್ಬರಿಗೊಬ್ಬರು ಕೊಡುವುದು ಅಪಶಕುನ ಹೇಗಾದೀತು?

ಗೋವಾದಲ್ಲಿ ಮದುವೆಯಾಗುವವರಿಗೆ ಕರಾರು ದಂಡ ಎಂಬ ನನ್ನ ಮಾತು ಅನ್ವಯಿಸದು. ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಡಿ ಅಲ್ಲಿ ವಿವಾಹಪೂರ್ವ ಕರಾರಿಗೆ ಮಾನ್ಯತೆಯಿದೆ. ಬೆಂಗಳೂರಿನಲ್ಲಿ ಮದುವೆಯಾಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸುವವರಿಗೂ ಕರಾರು ಬೇಕಾದೀತು. ದಾಂಪತ್ಯದಲ್ಲಿ ಗಳಿಸಿದ್ದು ಅಲ್ಲಿ ಸಾಮಾನ್ಯವಾಗಿ ಇಬ್ಬರ ಆಸ್ತಿ. ಆದರೆ ಕರಾರಿನ ಅಂತಿಮ ಪ್ರತಿ ಕೈಗೆ ಬಂದು ಕನಿಷ್ಠ 7 ದಿನ ಕಳೆದ ಮೇಲಷ್ಟೇ ಸಹಿ ಹಾಕಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆಯೇ ಅಲ್ಲಿನ ವಕೀಲರನ್ನು ಕಾಣಿ.